ಗುಡ್ಡಕ್ಕೆ ಹೊರಡುವ ಮೊದಲು ಹಲ್ಲು ತೋರಿಸಿದ್ದು

ನಮ್ಮ ಚಾರಣದ ತಂಡಕ್ಕೆ ಒಂದು ನಿಯಮವಿತ್ತು. ಕಾಡಿನಲ್ಲಿ ಒಂದು ರಾತ್ರಿಯಾದರೂ ಉಳಿಯುವುದಿದ್ದರೆ, ಹೊರಡುವ ತಿಂಗಳ ಮೊದಲೇ ಎಲ್ಲರೂ ಹಲ್ಲು ತೋರಿಸಿಕೊಳ್ಳಬೇಕು. ಒಳ್ಳೆಯ ಶೂ ಇಲ್ಲದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಬೆಳಿಗ್ಗೆ ಹೋಗಿ ಸಂಜೆ ಬರುವ ಚಾರಣಗಳನ್ನೆಲ್ಲ ನಾನು ರಬ್ಬರ್ ಚಪ್ಪಲಿಯಲ್ಲೇ ಮುಗಿಸಿದ್ದೆ. ಆದರೆ ಹಲ್ಲು ತೋರಿಸದವರಿಗೆ ವ್ಯಾನಿನಲ್ಲಿ ಜಾಗವಿಲ್ಲ.

ನಿಯಮ ಮಾಡಿದವರು ತಂಡವನ್ನು ಮುನ್ನಡೆಸುತ್ತಿದ್ದ ಡಾಕ್ಟರು. ಮಣಿಪಾಲದಲ್ಲಿ ದಂತವೈದ್ಯೆ. ಗಂಡಸರಿಗಿಂತ ಚುರುಕಾಗಿ ಗುಡ್ಡ ಹತ್ತುತ್ತಿದ್ದರು.

"ಕಾಲು ಮುರಿದರೆ ಕೋಲು ಕಟ್ಟಿ ಇಳಿಸಬಹುದು ಮಾರಾಯ್ರೆ. ಹಲ್ಲು ನೋವಿನವನನ್ನು ಎಂತ ಮಾಡುವುದು? ಅವನೂ ಮಲಗುವುದಿಲ್ಲ, ನಮ್ಮನ್ನೂ ಮಲಗಲಿಕ್ಕೆ ಬಿಡುವುದಿಲ್ಲ" ಎನ್ನುತ್ತಿದ್ದರು. ಹುಳುಕು ಇದ್ದರೆ ಹೊರಡುವ ಹಿಂದಿನ ದಿನ ತುಂಬಿಸಿಕೊಂಡು ಬರುವ ಹಾಗಿಲ್ಲ. ತುಂಬಿದ್ದು ಕೂರಬೇಕು, ಅದರಲ್ಲಿ ನಾಲ್ಕು ದಿನ ಕಚ್ಚಿ ತಿಂದು ನೋಡಬೇಕು, ನೋವು ಬರುವುದಿದ್ದರೆ ಮನೆಯಲ್ಲೇ ಬಂದು ಹೋಗಬೇಕು. ಅಷ್ಟಾದರೂ ಅವರ ಚೀಲದಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇರುತ್ತಿತ್ತು. ಅದರಲ್ಲಿ ಲವಂಗದ ಎಣ್ಣೆ, ಹತ್ತಿ, ಚಿಮಟ, ಉದ್ದ ಹಿಡಿಯ ಪುಟ್ಟ ಕನ್ನಡಿ, ಎಣ್ಣೆಯಲ್ಲಿ ಕಲಸಿದರೆ ಸಿಮೆಂಟಿನಂತೆ ಗಟ್ಟಿಯಾಗುವ ಬಿಳಿ ಪುಡಿ. ಬೇರೆ ತಂಡದವರು ಹಾವಿನ ಕಡಿತಕ್ಕೆ ಹೆದರುತ್ತಿದ್ದರು. ನಮ್ಮವರು ದವಡೆ ಹಲ್ಲಿಗೆ ಹೆದರುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಉಡುಪಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವನು ನಾನು. ಅದನ್ನು ಹೇಳಿಕೊಳ್ಳಲು ನನಗೆ ಆಗಲೂ ಸಂಕೋಚವಿರಲಿಲ್ಲ, ಈಗಲೂ ಇಲ್ಲ. ಅಪ್ಪ ಮಣಿಪಾಲದಲ್ಲಿ ಏಳುತ್ತಿದ್ದ ಕಟ್ಟಡಗಳಲ್ಲಿ ಮೊಸಾಯಿಕ್ ನೆಲಕ್ಕೆ ಪಾಲಿಶ್ ಹಾಕುತ್ತಿದ್ದರು. ಅವ್ವ ಅದೇ ಕಟ್ಟಡಗಳಲ್ಲಿ ಜಲ್ಲಿ ಹೊತ್ತಿದ್ದಳು. ಅವರ ಮಗ ಬಿಳಿ ಕೋಟು ಹಾಕಿಕೊಂಡು ಬ್ಯುರೆಟ್ ಹಿಡಿದು ಮಕ್ಕಳಿಗೆ ಪ್ರಯೋಗ ತೋರಿಸುತ್ತಿದ್ದ.

ಆ ಕೆಲಸ ಕೊಡಿಸಿದವರು ಅದೇ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರು. ಚಾರಣದ ತಂಡಕ್ಕೆ ನನ್ನನ್ನು ಕರೆದುಕೊಂಡು ಹೋದವರೂ ಅವರೇ. ಅವರು ನಿವೃತ್ತಿಯ ಅಂಚಿನಲ್ಲಿದ್ದರು, ಒಂದು ಮೊಣಕಾಲು ಆಗಲೇ ಮಾತು ಕೇಳುತ್ತಿರಲಿಲ್ಲ. ಕಾರ್ಕಳದಿಂದ ಆಚೆ, ಘಟ್ಟದ ನೆತ್ತಿಯ ಹುಲ್ಲುಗಾವಲಿನಲ್ಲಿ ಗುರಿಗೆ ಗಿಡಗಳಿವೆ. ಅವು ಏಳೆಂಟು ವರ್ಷಕ್ಕೊಮ್ಮೆ ಮಾತ್ರ ಹೂಬಿಟ್ಟು, ಬೀಜ ಉದುರಿಸಿ, ಇಡೀ ಗುಡ್ಡದಲ್ಲಿ ಒಟ್ಟಿಗೇ ಸಾಯುತ್ತವೆ. ಹಿಂದಿನ ಸಲ ಹೂವಾದಾಗ ಮೇಷ್ಟ್ರು ಮಗಳ ಮದುವೆಯ ಓಡಾಟದಲ್ಲಿದ್ದರು. ಈ ಸಲ ಚೌತಿ ಕಳೆದ ಮೇಲೆ ಅರಳುತ್ತದೆ ಎಂದು ಆ ಕಡೆ ದಾರಿ ತೋರಿಸುವವರು ಮಳೆಗಾಲದಲ್ಲೇ ಮೊಗ್ಗು ನೋಡಿ ಹೇಳಿಕಳಿಸಿದ್ದರು.

"ಇನ್ನೊಂದು ಸಲ ಅರಳುವಾಗ ಹೂ ಇರ್ತದೆ, ನನ್ನ ಮೊಣಕಾಲು ಇರುವುದಿಲ್ಲ ಮಾರಾಯ" ಎಂದು ಮೇಷ್ಟ್ರು ನಗುತ್ತ ಹೇಳಿದರು. ನಗುತ್ತ ಹೇಳಿದರೂ ಅದು ನಿಜವೆಂದು ತಂಡದ ಎಲ್ಲರಿಗೂ ಗೊತ್ತಿತ್ತು. ಆ ಚಾರಣ ಅವರಿಗಾಗಿಯೇ ಗೊತ್ತಾದದ್ದು. ಎರಡು ರಾತ್ರಿ ಕಾಡಿನಲ್ಲಿ ಉಳಿಯುವುದು. ನನಗೆ ಅಂಥದ್ದು ಮೊದಲನೆಯದು.

ಹಾಗಾಗಿ ಹಲ್ಲು ತೋರಿಸಲೇಬೇಕಾಯಿತು.

ನಾನು ಹುಟ್ಟಿದ್ದು ಕೊಪ್ಪಳದ ಕಡೆಯ ಒಂದು ಊರಿನಲ್ಲಿ. ಅಲ್ಲಿಯ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಆ ನೀರು ಕುಡಿದು ಬೆಳೆದ ಮಕ್ಕಳ ಹಲ್ಲು ಹುಟ್ಟುವಾಗಲೇ ಸುಣ್ಣದ ಮಚ್ಚೆ, ಕಂದು ಪಟ್ಟೆ ಹೊತ್ತುಕೊಂಡು ಹುಟ್ಟುತ್ತದೆ. ಇಡೀ ಊರಿನ ಹಲ್ಲು ಒಂದೇ ಬಣ್ಣವಾದ್ದರಿಂದ ಅಲ್ಲಿ ಅದನ್ನು ಯಾರೂ ಕಂಡವರಲ್ಲ. ಕಂಡದ್ದು ಮಣಿಪಾಲಕ್ಕೆ ಬಂದು ಶಾಲೆಗೆ ಸೇರಿದಾಗ. "ಗುಟ್ಕಾ" ಎಂದು ಹುಡುಗರು ಕರೆದರು. ಹತ್ತು ವರ್ಷದವನು ಗುಟ್ಕಾ ತಿನ್ನುತ್ತಾನೆ ಎಂದು ಒಬ್ಬ ಟೀಚರು ಜೇಬು ಕೂಡ ತಡಕಿದರು. ಅಂದಿನಿಂದ ನಾನು ತುಟಿ ಮುಚ್ಚಿ ನಗುವುದನ್ನು ಕಲಿತೆ. ಪದವಿ ಪ್ರದಾನದ ದಿನ ಅಪ್ಪನ ಜೊತೆ ತೆಗೆಸಿದ ಫೋಟೋ ನೋಡಿದವರು, ಇವನಿಗೇನು ಡಿಗ್ರಿ ಸಿಕ್ಕಿದ್ದಕ್ಕೆ ದುಃಖವೇ ಎಂದು ಕೇಳಬೇಕು.

ಡಾಕ್ಟರು ನಮ್ಮನ್ನು ಕರೆದದ್ದು ಅವರು ಪಾಠ ಮಾಡುವ ದಂತವೈದ್ಯ ಕಾಲೇಜಿನ ಹಾಲ್‌ಗೆ. ಸಾಲಾಗಿ ಕುರ್ಚಿಗಳು, ಕುರ್ಚಿಗೊಬ್ಬೊಬ್ಬ ವಿದ್ಯಾರ್ಥಿ. ನನಗಿಂತ ಮೊದಲು ಕುಳಿತವರು ನಮ್ಮ ತಂಡದ ಬ್ಯಾಂಕಿನವರು. ಉಡುಪಿಯಲ್ಲಿ ಕ್ಯಾಷಿಯರ್, ಕೂತಲ್ಲಿ ನಿಂತಲ್ಲಿ ತಮಾಷೆ. ಬಾಯಿ ತೆರೆದುಕೊಂಡೇ ಏನೋ ಹೇಳಲು ಹೋಗಿ ಡಾಕ್ಟರ ಕೈಯಿಂದ ಭುಜಕ್ಕೆ ಒಂದು ಪೆಟ್ಟು ತಿಂದರು. ಆಮೇಲೆ ನನ್ನ ಸರದಿ. ನಾನು ಕುಳಿತೆ, ಬಾಯಿ ತೆರೆದೆ, ದೀಪ ಮುಖದ ಮೇಲೆ ಬಂತು.

ಡಾಕ್ಟರು ಕನ್ನಡಿಯನ್ನು ಹಲ್ಲಿನಿಂದ ಹಲ್ಲಿಗೆ ಸರಿಸಿ, "ಏಯ್, ಬನ್ನಿ ಬನ್ನಿ, ಇದು ನೋಡಿ. ಪುಸ್ತಕದಲ್ಲಿ ಚಿತ್ರ ಮಾತ್ರ ನೋಡಿದ್ದಲ್ವಾ ನೀವು?" ಎಂದು ವಿದ್ಯಾರ್ಥಿಗಳನ್ನು ಕರೆದರು.

ಅವರ ಮನಸ್ಸಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ಪಾಠ ಮಾಡುವವರು ಹಾಗೆಯೇ. ನಾನೂ ಲ್ಯಾಬಿನಲ್ಲಿ ಬಣ್ಣ ಬದಲಾದ ಫ್ಲಾಸ್ಕನ್ನು ಎತ್ತಿ ಹಿಡಿದು ಮಕ್ಕಳನ್ನು ಕರೆಯುತ್ತಿದ್ದೆ. ಆದರೆ ಫ್ಲಾಸ್ಕಿಗೆ ನಾಚಿಕೆಯಾಗುವುದಿಲ್ಲ. ಐದಾರು ಮುಖಗಳು ನನ್ನ ಬಾಯಿಯೊಳಗೆ ಬಗ್ಗಿದವು. ಒಬ್ಬಳು, "ಊರು ಯಾವುದು? ತಂದೆ ತಾಯಿಗೂ ಹೀಗೆಯಾ?" ಎಂದು ಕೇಳಿದಳು. ಬಾಯಲ್ಲಿ ಕನ್ನಡಿ ಇದ್ದದ್ದರಿಂದ ಹೌದೆಂದು ತಲೆಯಾಡಿಸಿದೆ. "ಅವರನ್ನೂ ಒಮ್ಮೆ ಕರೆದುಕೊಂಡು ಬರಬಹುದಾ?"

ಆ ಹಾಲ್‌ನ ನೆಲ ಅಪ್ಪ ಪಾಲಿಶ್ ಹಾಕಿದ್ದು. "ಮುಖ ಕಾಣ್ತೈತಿ ನೋಡು ಅದರಾಗ" ಎಂದು ಮನೆಗೆ ಬಂದು ಹೇಳಿದ್ದರು. ನಾನು ಕುರ್ಚಿಯಿಂದ ಇಳಿದು ಆ ನೆಲವನ್ನೇ ನೋಡುತ್ತ ನಿಂತೆ.

ಡಾಕ್ಟರು ಭುಜ ತಟ್ಟಿದರು. "ಒಂದು ಸಣ್ಣ ಹುಳುಕು ಉಂಟು, ಈಗಲೇ ತುಂಬುವ. ಬೇರೆ ಎಂತ ತೊಂದರೆ ಇಲ್ಲ. ಕಲೆ ಮಾತ್ರ, ಹಲ್ಲು ಗಟ್ಟಿ ಉಂಟು. ಕಲೆ ಮುಚ್ಚಬೇಕು ಅಂತಿದ್ದರೆ ಚಾರಣ ಮುಗಿಸಿ ಬನ್ನಿ, ಮಾಡುವ. ಹೋಗುವ ಮೊದಲು ಮುಟ್ಟುವುದು ಬೇಡ."

ಹೊರಗೆ ಬರುವಾಗ ಬ್ಯಾಂಕಿನವರು, "ನಾನು ಇಷ್ಟು ದಿನ ನೀವು ಗುಟ್ಕಾ ಹಾಕ್ತೀರಿ ಅಂತಲೇ ಗ್ರಹಿಸಿದ್ದೆ ಮಾರಾಯ್ರೆ. ಪಾಪ, ಪಾಪ!" ಎಂದು ಬೆನ್ನು ಸವರಿದರು. ತಪ್ಪು ತಿಳಿದುಕೊಂಡಿದ್ದಕ್ಕೆ ಕ್ಷಮೆ ಕೇಳುವ ಅವರ ರೀತಿ ಅದು. ಅವರು ಗುಟ್ಕಾ ಎಂದೇ ತಿಳಿದುಕೊಂಡಿದ್ದರೆ ಒಳ್ಳೆಯದಿತ್ತು ಎಂದು ನನಗೆ ಅನ್ನಿಸಿತು. ಗುಟ್ಕಾ ಆಗಿದ್ದರೆ ಅದು ನಾನೊಬ್ಬನೇ ಮಾಡಿದ್ದಾಗುತ್ತಿತ್ತು, ಅಪ್ಪ ಅವ್ವನವರೆಗೆ ಹೋಗುತ್ತಿರಲಿಲ್ಲ.

ಡಾಕ್ಟರು ಮುಟ್ಟಬೇಡಿ ಎಂದಿದ್ದನ್ನು ನಾನು ಮುಟ್ಟಿದೆ.

ಮೊಸಾಯಿಕ್ ನೆಲವನ್ನು ಕಲ್ಲಿನ ಮಿಷನ್ನಿನಲ್ಲಿ ಉಜ್ಜಿದ ಮೇಲೆ ಕೊನೆಯ ಹೊಳಪಿಗೆ ಒಂದು ಬಿಳಿ ಪುಡಿ ಹಾಕುತ್ತಾರೆ. ಒದ್ದೆ ಬಟ್ಟೆಯಲ್ಲಿ ತಿಕ್ಕಿದರೆ ಸಿಮೆಂಟಿನ ಮಬ್ಬು, ತುಕ್ಕಿನ ಕಲೆ ಎಲ್ಲ ಹೋಗಿ ನೆಲ ಬೆಳಗುತ್ತದೆ. ಅದು ಆಕ್ಸಾಲಿಕ್ ಆಸಿಡ್. ಅಪ್ಪನಿಗೆ ಅದು ಪಾಲಿಶ್ ಪುಡಿ. ನನಗೆ ಅದರ ಸೂತ್ರ ಗೊತ್ತು, ಅಣುತೂಕ ಗೊತ್ತು. ವಾರವಾರವೂ ಲ್ಯಾಬಿನಲ್ಲಿ ಅದನ್ನು ಅಳೆದು, ಪರ್ಮಾಂಗನೇಟಿನ ನೇರಳೆ ಬಣ್ಣ ಅದರಲ್ಲಿ ಬಿದ್ದು ಮಾಯವಾಗುವುದನ್ನು ಮಕ್ಕಳಿಗೆ ತೋರಿಸುತ್ತಿದ್ದೆ. ಅಂಥ ನೇರಳೆಯೇ ಹೋಗುವುದಾದರೆ ಈ ಕಂದು ಯಾವ ಲೆಕ್ಕ ಎಂದು ಯೋಚಿಸಿದೆ. ಅದು ವಿಷವೆಂದೂ ನನಗೆ ಗೊತ್ತಿತ್ತು. ನೀರಿನಲ್ಲಿ ತೆಳುಮಾಡಿದರಾಯಿತು, ನುಂಗದಿದ್ದರಾಯಿತು ಎಂದು ಧೈರ್ಯ. ಓದದವನು ಈ ಕೆಲಸ ಮಾಡುತ್ತಿರಲಿಲ್ಲ. ಓದಿದ ಮನೆಯವನೂ ಮಾಡುತ್ತಿರಲಿಲ್ಲ, ಅವನ ಮನೆಯಲ್ಲಿ ಆ ಪುಡಿಯ ಚೀಲ ಇರುತ್ತಿರಲಿಲ್ಲ. ಪುಡಿಯೂ ಇದ್ದು ಸೂತ್ರವೂ ಗೊತ್ತಿದ್ದದ್ದು ನನಗೆ.

ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೋದ ಮೇಲೆ, ಬಚ್ಚಲಿನಲ್ಲಿ ಬಟ್ಟೆಯ ತುದಿಯನ್ನು ಅದರಲ್ಲಿ ಅದ್ದಿ ಮೇಲಿನ ಮುಂದಿನ ಹಲ್ಲುಗಳನ್ನು ತಿಕ್ಕುತ್ತಿದ್ದೆ. ಅದು ಸಾಲದೆಂದು, ಅಪ್ಪ ಮೂಲೆಗಳಿಗೆ ಬಳಸುವ ನಯವಾದ ಪಾಲಿಶ್ ಕಾಗದವನ್ನು ಬೆರಳಿಗೆ ಸುತ್ತಿ ಮೆಲ್ಲಗೆ ಉಜ್ಜಿದೆ. ಮೊದಲ ವಾರ ಏನೂ ಇಲ್ಲ. ಎರಡನೆಯ ವಾರ ಕಂದು ಪಟ್ಟೆ ತಿಳಿಯಾಯಿತು. ನನಗಾದ ಸಂತೋಷ ಹೇಳಲಾರೆ. ತಣ್ಣೀರು ಕುಡಿದರೆ ಜುಮ್ಮೆನ್ನತೊಡಗಿತು. ಕಲೆ ಹೋಗುತ್ತಿರುವುದರ ಲಕ್ಷಣ ಎಂದುಕೊಂಡೆ.

ಅವ್ವ ಮಾತ್ರ ಒಮ್ಮೆ ದಿಟ್ಟಿಸಿ ನೋಡಿ, "ಏನಲೇ, ಹಲ್ಲು ಸಣ್ಣ ಆದಂಗ ಕಾಣ್ತಾವಲ್ಲ" ಎಂದಳು. "ಸುಮ್ಮನಿರವ್ವಾ" ಎಂದೆ.

ಹೊರಡುವ ದಿನ ಅವ್ವ ಬುತ್ತಿ ಕಟ್ಟಿದಳು. ನಮ್ಮ ಕಡೆ ದೂರ ಹೋಗುವವರಿಗೆ ಕೊಡುವುದು ಒಣಗಿಸಿದ ಜೋಳದ ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ ಪುಡಿ. ತಿಂಗಳಿಟ್ಟರೂ ಕೆಡುವುದಿಲ್ಲ. "ಕಾಡಿನ್ಯಾಗ ಯಾರು ಮಾಡಿ ಹಾಕ್ತಾರ? ಎಲ್ಲಾರಿಗೂ ಕೊಡು" ಎಂದಳು. ನಾನು ಅದನ್ನು ಚೀಲದ ತಳಕ್ಕೆ ತಳ್ಳಿದೆ.

ಮಣಿಪಾಲದಿಂದ ವ್ಯಾನಿನಲ್ಲಿ ಕಾರ್ಕಳ, ಅಲ್ಲಿಂದ ಘಟ್ಟದ ಬುಡದವರೆಗೆ ರಸ್ತೆ. ದಾರಿ ತೋರಿಸುವವರು ಅಲ್ಲಿಯ ಚಹಾ ಅಂಗಡಿಯ ಹತ್ತಿರ ಕತ್ತಿ ಹಿಡಿದು ಕಾದಿದ್ದರು. ಮೇಷ್ಟ್ರು ವ್ಯಾನಿನಿಂದ ಇಳಿಯುವ ಮೊದಲೇ, "ಆಗಿದೆಯಾ?" ಎಂದರು.

"ಆಗಿದೆಯಾ ಅಂತ ಕೇಳ್ತೀರಾ? ಗುಡ್ಡೆ ಇಡೀ ನೀಲಿ ಸಾರ್. ಮೊನ್ನೆ ನೋಡಿ ಬಂದೆ. ಇನ್ನೊಂದು ವಾರ ಹೀಗೆ ಇರ್ತದೆ, ದೊಡ್ಡ ಮಳೆ ಬಾರದಿದ್ದರೆ."

ಮೇಷ್ಟ್ರು ಆ ದಿನ ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು ಎಲ್ಲರಿಗಿಂತ ಮುಂದೆ ನಡೆದರು. ಜಿಗಣೆ ಹತ್ತಿದ್ದೂ ಅವರಿಗೆ ತಿಳಿಯಲಿಲ್ಲ. ಕುತ್ತಿಗೆಯಲ್ಲಿ ಭೂತಗನ್ನಡಿ ದಾರಕ್ಕೆ ತೂಗುತ್ತಿತ್ತು. "ಫೋಟೋ ಎಲ್ಲ ಬೇಡ. ಪಕಳೆಯ ಒಳಗೆ ಕೂದಲು ಉಂಟಾ ಇಲ್ಲವಾ ಅಂತ ನನಗೆ ನೋಡಬೇಕು. ವಾಸನೆ ನೋಡಬೇಕು" ಎಂದು ನನಗೊಬ್ಬನಿಗೆ ಹೇಳಿದರು. ಯಾವುದೋ ಎರಡು ಜಾತಿಯ ನಡುವೆ ಅವರಿಗೆ ವರ್ಷಗಳಿಂದ ಒಂದು ಸಂಶಯವಿತ್ತು. ಹೂವು ಕೈಯಲ್ಲಿ ಹಿಡಿದರೆ ಮಾತ್ರ ತೀರುವಂಥದ್ದು.

ಮಧ್ಯಾಹ್ನ ನೀರು ಹರಿಯುವ ತೋಡಿನ ಬದಿಯಲ್ಲಿ ಊಟಕ್ಕೆ ಕುಳಿತೆವು. ನಾನು ಬೆಳಿಗ್ಗೆಯಿಂದ ನೀರು ಕುಡಿದಿರಲಿಲ್ಲ. ಘಟ್ಟದ ನೀರು ತುಟಿಗೆ ತಾಗಿದರೆ ನೋವು ಮೂಗಿನ ಬುಡಕ್ಕೆ ಏರುತ್ತಿತ್ತು. ಎಲ್ಲರೂ ಚಪಾತಿ, ಅವಲಕ್ಕಿ ತೆಗೆದರು. ಬ್ಯಾಂಕಿನವರು ನನ್ನ ಚೀಲ ಅಲುಗಿಸಿ, "ಇದರಲ್ಲಿ ಕರಕರ ಅನ್ನುವುದು ಎಂತ?" ಎಂದು ಕೈ ಹಾಕಿ ರೊಟ್ಟಿಯ ಕಟ್ಟನ್ನು ಎಳೆದೇಬಿಟ್ಟರು.

"ಹಪ್ಪಳವಾ ಇದು?"

"ರೊಟ್ಟಿ" ಎಂದೆ.

"ಇಷ್ಟು ಒಳ್ಳೆಯದನ್ನು ಚೀಲದಡಿ ಹಾಕಿ ಒಬ್ಬರೇ ತಿನ್ನುವ ಅಂತ ಇತ್ತಾ?"

ಡಾಕ್ಟರು ಚಟ್ನಿ ಪುಡಿ ನೆಕ್ಕಿ ಕಣ್ಣರಳಿಸಿದರು. ಮೇಷ್ಟ್ರು ಎರಡನೆಯ ರೊಟ್ಟಿಗೆ ಕೈ ಚಾಚಿದರು. ಎಲ್ಲರೂ ಕಟಕಟನೆ ಮುರಿದು ತಿನ್ನುವಾಗ ತಂದವನೇ ತಿನ್ನದೆ ಕುಳಿತರೆ ಚೆನ್ನಾಗಿರುವುದಿಲ್ಲ. ಅಷ್ಟು ಹೊತ್ತಿಗೆ ನನಗೂ ಸ್ವಲ್ಪ ಹೆಮ್ಮೆ ಬಂದಿತ್ತು. ಒಂದು ತುಂಡನ್ನು ಮುಂದಿನ ಹಲ್ಲಿನಲ್ಲೇ ಕಚ್ಚಿದೆ.

ರೊಟ್ಟಿ ಮುರಿದ ಸದ್ದು ಅಂದುಕೊಂಡೆ. ಬಾಯಲ್ಲಿ ಕಲ್ಲಿನಂಥದ್ದು ಸಿಕ್ಕಿತು. ಉಗುಳಿದರೆ ಅಂಗೈಯಲ್ಲಿ ಅರ್ಧ ಹಲ್ಲು. ಆಮೇಲೆ ಉಸಿರು ಎಳೆದುಕೊಂಡೆ ನೋಡಿ, ಗಾಳಿ ತಾಗಿದ್ದೇ ತಡ, ತಲೆ ಹಿಡಿದು ಮಣ್ಣಿನಲ್ಲಿ ಹೊರಳಿಬಿಟ್ಟೆ.

ಡಾಕ್ಟರು ಬಿಸ್ಕತ್ತಿನ ಡಬ್ಬಿ ತೆಗೆದರು. ಬ್ಯಾಂಕಿನವರಿಗೆ ಟಾರ್ಚು ಕೊಟ್ಟು ಹಿಡಿಯಲು ಹೇಳಿದರು, ಮೇಷ್ಟ್ರು ನನ್ನ ತಲೆಯನ್ನು ತಮ್ಮ ಎದೆಗೆ ಆನಿಸಿ ಹಿಡಿದರು. ಕನ್ನಡಿ ಒಳಗೆ ಹೋಯಿತು, ಹೊರಗೆ ಬಂತು.

"ಇದು ಮೊದಲಿನ ಹಲ್ಲೇ ಅಲ್ಲ" ಎಂದರು ಡಾಕ್ಟರು. "ತಿಂಗಳ ಹಿಂದೆ ನಾನೇ ನೋಡಿದ್ದು, ಗಟ್ಟಿ ಇತ್ತು. ಇದು ನೆನೆದ ಸುಣ್ಣದ ಹಾಗೆ ಆಗಿದೆ. ಪಕ್ಕದ್ದೂ ಹಾಗೆಯೇ. ಎಂತ ಹಾಕಿದ್ರಿ?"

ನಾನು ಅಂಗೈಯಲ್ಲಿದ್ದ ಹಲ್ಲಿನ ತುಂಡನ್ನು ಮುಷ್ಟಿಯೊಳಗೆ ಮುಚ್ಚಿದೆ.

"ನಿಂಬೆಹುಳಿಯಾ? ಬೂದಿಯಾ? ಹೇಳಿ. ಒಳಗೆ ಎಷ್ಟು ಹೋಗಿದೆ ಅಂತ ನನಗೆ ಗೊತ್ತಾಗಬೇಕು. ನಾಚಿಕೆ ಮಾಡಬೇಡಿ."

"ಪಾಲಿಶ್ ಪುಡಿ" ಎಂದೆ. "ನೆಲಕ್ಕೆ ಹಾಕುವುದು. ಅಪ್ಪನದ್ದು."

ಟಾರ್ಚು ಅಲುಗಾಡಿತು. "ಹಲ್ಲಿಗೆ ಮೊಸಾಯಿಕ್ ಪಾಲಿಶಾ ಮಾರಾಯ್ರೆ!" ಎಂದು ಬ್ಯಾಂಕಿನವರು ನಕ್ಕರು. ಬೇರೆ ಯಾರೂ ನಗದಿದ್ದದ್ದು ಕಂಡು ನಿಲ್ಲಿಸಿದರು.

"ಆಕ್ಸಾಲಿಕ್ಕಾ?" ತಲೆಯ ಹಿಂದಿನಿಂದ ಮೇಷ್ಟ್ರ ಸ್ವರ. ನಾನು ಹೂಂಗುಟ್ಟಿದೆ. ಅವರ ಕೈ ನನ್ನ ಹಣೆಯ ಮೇಲೆಯೇ ಇತ್ತು. "ಕೆಮಿಸ್ಟ್ರಿ ಓದಿದವನಲ್ವಾ ನೀನು?" ಎಂದರು. ಬೈಗುಳದ ಸ್ವರವಲ್ಲ. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಆ ಮಾತಿನಷ್ಟು ಹಲ್ಲೂ ನೋಯಲಿಲ್ಲ.

ಡಾಕ್ಟರು ಎಣ್ಣೆಯಲ್ಲಿ ಪುಡಿ ಕಲಸಿ ಮುರಿದ ತುದಿಗೆ ಟೊಪ್ಪಿಯಂತೆ ಕೂರಿಸಿದರು. ಅವರ ಡಬ್ಬಿಯಲ್ಲಿದ್ದದ್ದು ಹುಳುಕಿನ ಗುಳಿ ತುಂಬುವ ಸಾಮಾನು. ಹೀಗೆ ಮುರಿದ ಮುಂದಿನ ಹಲ್ಲಿಗೆ ಅದು ಹೆಚ್ಚು ಹೊತ್ತು ಕಚ್ಚಿ ನಿಲ್ಲುವುದಿಲ್ಲ ಎಂದು ಅವರೇ ಹೇಳಿದರು. ನೋವಿನ ಮಾತ್ರೆ ಕೊಟ್ಟರು. ಮೆಲ್ಲಗೆ ನಡೆದು ಅರಣ್ಯ ಇಲಾಖೆಯ ಹಳೆಯ ಶೆಡ್ಡು ಸೇರಿದೆವು. ನನಗಾಗಿ ನೀರು ಬೆಚ್ಚಗೆ ಮಾಡಿದರು, ಗಂಜಿ ಮಾಡಿದರು. ಡಾಕ್ಟರು ಹೇಳುತ್ತಿದ್ದದ್ದು ಸರಿಯೇ: ಯಾರೂ ಮಲಗಲಿಲ್ಲ.

ಬೆಳಿಗ್ಗೆ ಟೊಪ್ಪಿ ಕಳಚಿಹೋಗಿತ್ತು. ಮೇಲ್ತುಟಿ ಊದಿ ಮೂಗಿಗೆ ತಾಗಿತ್ತು, ಮೈ ಬಿಸಿಯಿತ್ತು. ಶೆಡ್ಡಿನ ಮುಂದೆ ನಿಂತರೆ ಎದುರಿಗೆ ಗುಡ್ಡದ ಭುಜ ಕಾಣುತ್ತಿತ್ತು. ಅದನ್ನು ದಾಟಿದರೆ ಆಚೆಯ ಇಳಿಜಾರೇ ಹೂವಿನದು, ಮಧ್ಯಾಹ್ನದೊಳಗೆ ಮುಟ್ಟಬಹುದು ಎಂದರು ದಾರಿ ತೋರಿಸುವವರು.

"ನಾನು ಇಲ್ಲೇ ಇರ್ತೇನೆ, ನೀವು ಹೋಗಿ ಬನ್ನಿ" ಎಂದೆ. ಮಾತು ಸರಿಯಾಗಿ ಹೊರಡಲಿಲ್ಲ.

ಡಾಕ್ಟರು ಆಗುವುದಿಲ್ಲವೆಂದು ತಲೆಯಾಡಿಸಿದರು. "ಮೇಲಿನ ಹಲ್ಲಿನ ಬಾವು ಕಣ್ಣಿನ ಕಡೆಗೆ ಏರಿದರೆ ನನ್ನ ಹತ್ತಿರ ಇಲ್ಲಿ ಎಂತದೂ ಇಲ್ಲ. ಇವತ್ತೇ ಆಸ್ಪತ್ರೆಗೆ ಮುಟ್ಟಬೇಕು."

"ಹಾಗಾದರೆ ನೀವಿಬ್ಬರು ಇಳಿಯಿರಿ, ಸಾರ್ ಮತ್ತು ನಾವು ಮೇಲೆ ಹೋಗ್ತೇವೆ" ಎಂದರು ಬ್ಯಾಂಕಿನವರು.

ಆದರೆ ದಾರಿ ಬಲ್ಲವರು ಒಬ್ಬರೇ. ಮಂಜು ಬೇರೆ ಇಳಿಯುತ್ತಿತ್ತು. ಎರಡು ಪಾಲಾಗಿ ಹೋದರೆ ಒಂದು ಪಾಲು ದಾರಿ ತಪ್ಪುವುದು ಖಂಡಿತ. ಎಲ್ಲರೂ ಮೇಷ್ಟ್ರ ಮುಖ ನೋಡಿದರು. ಅವರು ಆಗಲೇ ಮೊಣಕಾಲಿನ ಪಟ್ಟಿ ಬಿಗಿದುಕೊಂಡು ಬೆಲ್ಲದ ಕಾಫಿ ಕುಡಿಯುತ್ತಿದ್ದರು. ಲೋಟ ಕೆಳಗಿಟ್ಟು, "ಇಳಿಯುವ" ಎಂದರು.

"ಸಾರ್, ನನಗಾಗಿ ಬೇಡ..."

"ಮಾತಾಡಬೇಡ ಮಾರಾಯ, ಗಾಳಿ ತಾಗ್ತದೆ."

ಇಳಿಯುವಾಗ ಅವರು ನನ್ನ ಪಕ್ಕದಲ್ಲೇ ನಡೆದರು. ಮೊಣಕಾಲಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಬಾಯಿ ಕಟ್ಟಿಕೊಂಡಿದ್ದ ನನಗೆ ಮಾತನಾಡುವ ಪ್ರಮೇಯ ಬಾರದಂತೆ ದಾರಿಯುದ್ದಕ್ಕೂ ಗಿಡಗಳ ಹೆಸರು ಹೇಳುತ್ತ ಬಂದರು. ಬುಡದ ಅಂಗಡಿಯಲ್ಲಿ ಚಹಾ ಹೇಳಿದಾಗ ನನ್ನ ಪಾಲಿನದನ್ನು ಲೋಟದಿಂದ ಲೋಟಕ್ಕೆ ಸುರಿದು ತಾವೇ ಆರಿಸಿ ಕೊಟ್ಟರು. ಅಂಗಡಿಯವರು, ಇಷ್ಟು ಬೇಗ ಬಂದಿರಲ್ಲ, ಹೂ ನೋಡಿದಿರಾ ಎಂದು ಕೇಳಿದರು.

"ಈ ಸಲ ಸರಿಯಾಗಿ ಆದ ಹಾಗೆ ಕಾಣುವುದಿಲ್ಲ" ಎಂದರು ಮೇಷ್ಟ್ರು.

ದಾರಿ ತೋರಿಸುವವರು ಬಾಯಿ ತೆರೆದರು. ಡಾಕ್ಟರು ಅವರತ್ತ ನೋಡಿದರು. ಅವರು ಕತ್ತಿಯ ಮಣ್ಣನ್ನು ಕಲ್ಲಿಗೆ ಉಜ್ಜುತ್ತ ಕುಳಿತರು. ನನಗಾಗಿ ಅಷ್ಟು ಜನ ಒಂದು ಸುಳ್ಳಿನ ಸುತ್ತ ಕುಳಿತಿದ್ದಾಗ ನಾನು ಆರಿದ ಚಹಾ ಕುಡಿದೆ.

ಮಣಿಪಾಲದಲ್ಲಿ ಅದೇ ಹಾಲ್, ಅದೇ ಕುರ್ಚಿ. ನರ ತೆಗೆದರು, ಕೀವು ತೆಗೆದರು. ಸುದ್ದಿ ತಿಳಿದು ಅಪ್ಪ ಕೆಲಸದಿಂದ ನೇರ ಬಂದರು. ಪ್ಯಾಂಟಿನ ಮೇಲೆಲ್ಲ ಕಲ್ಲಿನ ಹಿಟ್ಟು. ತಾವೇ ಹೊಳೆಯಿಸಿದ ನೆಲದ ಮೇಲೆ ಗುರುತು ಬೀಳುತ್ತದೆಂದು ಚಪ್ಪಲಿಯನ್ನು ಹೊರಗೇ ಬಿಟ್ಟು ಬರಿಗಾಲಲ್ಲಿ ನಿಂತರು. ಡಾಕ್ಟರು ಅವರಿಗೆ ಎಲ್ಲವನ್ನೂ ವಿವರಿಸಿದರು. ಇನ್ನು ಆ ಪುಡಿಯನ್ನು ಮನೆಯಲ್ಲಿ ಇಡಬೇಡಿ ಎಂದೂ ಹೇಳಿದರು.

ಬಸ್ ಸ್ಟ್ಯಾಂಡಿನವರೆಗೆ ಅಪ್ಪ ನನ್ನ ಚೀಲ ಹೊತ್ತು ಮುಂದೆ ನಡೆದರು. ಅಲ್ಲಿ ಕಲ್ಲಿನ ಮೇಲೆ ಕುಳಿತ ಮೇಲೆ ಕೇಳಿದರು.

"ಊರಾಗ ಎಲ್ಲಾರದೂ ಹಿಂಗ ಅದಾವಲ್ಲೋ ತಮ್ಮಾ."

ನಾನು ಹೂಂ ಎಂದೆ.

"ನನ್ನವೂ ಹಿಂಗ ಅದಾವು. ನಿಮ್ಮವ್ವನವೂ ಹಿಂಗ ಅದಾವು." ಪ್ಯಾಂಟಿನ ಹಿಟ್ಟು ಕೊಡವುತ್ತ, "ನಿನ್ನ ಡಿಗ್ರಿ ದಿನ ನಾನು ಬಾಳ ನಕ್ಕಿದ್ದೆ, ನೋಡಿದ್ದಿಲ್ಲೋ? ಫೋಟೋದಾಗ ಬರಬಾರದಿತ್ತೇನ?" ಎಂದರು.

ಇಲ್ಲ ಅಪ್ಪ, ಹಾಗಲ್ಲ ಎಂದು ಹೇಳಬೇಕಿತ್ತು. ಬಾಯಲ್ಲಿ ಹತ್ತಿ ಇತ್ತು. ಹತ್ತಿ ಇಲ್ಲದಿದ್ದರೂ ಹೇಳುತ್ತಿದ್ದೆನೆಂದು ನನಗೆ ನಂಬಿಕೆಯಿಲ್ಲ. ಮರುದಿನ ಆ ಪುಡಿಯ ಚೀಲ ಮನೆಯಲ್ಲಿರಲಿಲ್ಲ. ಅಪ್ಪ ಅದನ್ನು ಸೈಟಿನಲ್ಲೇ ಇಡತೊಡಗಿದರು. ಆಮೇಲೆ ಎಷ್ಟೋ ಕಾಲ ನನ್ನ ಸ್ನೇಹಿತರು ಮನೆಗೆ ಬಂದರೆ ಅವರು ಹೆಚ್ಚು ಮಾತನಾಡದೆ ಒಳಗೆ ಹೋಗಿಬಿಡುತ್ತಿದ್ದರು.

ಮೇಷ್ಟ್ರು ನಿವೃತ್ತರಾಗಿ ಕಾಪುವಿನ ತಮ್ಮ ಮನೆಗೆ ಹೋದರು. ನಾನು ಆಗಾಗ ಹೋಗುತ್ತಿದ್ದೆ. ಕೆಲಸ ಖಾಯಂ ಆದಾಗ, ಮದುವೆಯಾದಾಗ, ಸುಮ್ಮನೆ ಕೂಡ. ಅವರು ಪ್ರತಿಸಲವೂ "ಹಲ್ಲು ಹೇಗುಂಟು?" ಎನ್ನುತ್ತಿದ್ದರು. "ಸರಿ ಉಂಟು ಸಾರ್" ಎನ್ನುತ್ತಿದ್ದೆ. ಗುಡ್ಡದ ಮಾತು ಇಬ್ಬರೂ ಎತ್ತಿದ್ದಿಲ್ಲ. ಅವರ ಮೊಣಕಾಲು ಅವರು ಹೇಳಿದ ಹಾಗೆಯೇ ಆಯಿತು. ಗೇಟಿನವರೆಗೆ ಬರಲೂ ಗೋಡೆ ಹಿಡಿಯುತ್ತಿದ್ದರು.

ಏಳೆಂಟು ವರ್ಷ ಕಳೆದು ಗುರಿಗೆ ಮತ್ತೆ ಅರಳಿತು. ಬ್ಯಾಂಕಿನವರು ಫೋನ್ ಮಾಡಿ, "ಹೊರಡುವ ಮಾರಾಯ್ರೆ, ಈ ಸಲ ನಿಮಗೆ ರೊಟ್ಟಿ ಕೊಡುವುದಿಲ್ಲ" ಎಂದರು. ನಾನು ಪರೀಕ್ಷೆಯ ಕೆಲಸವಿದೆ ಎಂದೆ. ಕೆಲಸವೇನೂ ಇರಲಿಲ್ಲ. ಮೇಷ್ಟ್ರು ನೋಡದ ಹೂವನ್ನು, ನನ್ನಿಂದಾಗಿ ನೋಡದ ಹೂವನ್ನು, ನಾನು ಹೋಗಿ ನೋಡುವುದು ಸರಿಯಲ್ಲ ಎನಿಸಿತ್ತು. ಹಾಗೆ ಹೋಗದೆ ಉಳಿದದ್ದರಲ್ಲಿ ನನಗೆ ಒಂದು ಬಗೆಯ ಸಮಾಧಾನವೂ ಇತ್ತು.

ತಂಡದವರು ಹೋಗಿ ಬಂದ ಮೇಲೆ ಒಂದು ಭಾನುವಾರ ಕಾಪುವಿಗೆ ಹೋದೆ. ಬ್ಯಾಂಕಿನವರು ನನಗಿಂತ ಮೊದಲೇ ಬಂದು ಮೇಷ್ಟ್ರ ಮುಂದೆ ಫೋಟೋಗಳನ್ನು ಹರಡಿದ್ದರು. ಗುಡ್ಡವೆಲ್ಲ ನೀಲಿ, ಅದರ ಮುಂದೆ ನಗುತ್ತ ನಿಂತ ಜನ. ಮೇಷ್ಟ್ರು ಒಂದೊಂದನ್ನೂ ಕಣ್ಣಿನ ಹತ್ತಿರ ತಂದು ನೋಡುತ್ತಿದ್ದರು.

"ವಾಸನೆ ಉಂಟಾ?" ಎಂದು ಕೇಳಿದರು.

"ವಾಸನೆ ಎಲ್ಲ ಯಾರು ನೋಡಿದ್ದು ಸಾರ್? ಚಂದ ಮಾತ್ರ ಭಾರೀ ಚಂದ."

"ಪಕಳೆಯ ಒಳಗೆ ಕೂದಲು?"

"ಹೂವಿಗೆ ಕೂದಲಾ?" ಬ್ಯಾಂಕಿನವರು ನಕ್ಕರು.

ಮೇಷ್ಟ್ರು ನನ್ನ ಕಡೆ ತಿರುಗಿದರು. "ನೀನು ಹೇಳು. ಒಳಗೆ ಕೂದಲು ಇತ್ತಾ?"

"ನಾನು ಹೋಗಿಲ್ಲ ಸಾರ್."

"ಹೋಗಿಲ್ಲವಾ? ಯಾಕೆ?"

ನಾನು ಹರಡಿದ್ದ ಫೋಟೋಗಳ ಅಂಚು ಸರಿಮಾಡತೊಡಗಿದೆ. ಅವರಿಗೆ ತಿಳಿಯಿತು ಎಂದು ಕಾಣುತ್ತದೆ.

"ಎಂಥ ಹುಚ್ಚ ಮಾರಾಯ ನೀನು" ಎಂದರು. "ನೀನು ಹೋಗಿರ್ತೀಯ ಅಂತಲೇ ನಾನು ಕೂತಿದ್ದೆ. ಎಂತ ನೋಡಬೇಕು ಅಂತ ನಿನಗೆ ಒಬ್ಬನಿಗೆ ಗೊತ್ತಿತ್ತು. ಇವರಲ್ಲಿ ನಾನು ಎಂತ ಕೇಳುವುದು?"

ಬ್ಯಾಂಕಿನವರು, "ಫೋಟೋದಲ್ಲಿ ಕಾಣುವುದಿಲ್ವಾ ಸಾರ್?" ಎಂದರು.

ಮೇಷ್ಟ್ರು ಒಂದು ಫೋಟೋ ಎತ್ತಿಕೊಂಡು ಗೋಡೆ ಹಿಡಿದು ಎದ್ದರು. ಕಿಟಕಿಯ ಬೆಳಕಿಗೆ ಹಿಡಿದು, ಓರೆ ಮಾಡಿ, ಮತ್ತೆ ನೆಟ್ಟಗೆ ಮಾಡಿ ನೋಡುತ್ತ ನಿಂತರು. ಹೂವಿಗಿಂತ ಜನರೇ ದೊಡ್ಡದಾಗಿ ಬಿದ್ದಿದ್ದ ಫೋಟೋ ಅದು.